ಮಂಡಿ ನೋವಿನ ಮಾತ್ರೆ, ಮನಸ್ಸಿನ ಮಾತ್ರೆ: ದಾವಣಗೆರೆಯ ಒಂದು ಪ್ರಕರಣ

ಖಿನ್ನತೆಗೆ ಮಾತ್ರೆ ತಗೊಳ್ಳುವವರು ಅದರ ಜೊತೆ ನೋವಿನ ಮಾತ್ರೆಯನ್ನೂ ನುಂಗಿದರೆ ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ ಹೆಚ್ಚುತ್ತದೆ. ಡಾಕ್ಟರುಗಳಿಗೆ ಇದು ಗೊತ್ತಿರುವ ವಿಷಯವೇ. ಆದರೂ ನಮ್ಮೂರಲ್ಲಿ ಈ ಎರಡೂ ಒಂದೇ ಹೊಟ್ಟೆ ಸೇರುವುದು ನಿಂತಿಲ್ಲ. ಯಾಕೆಂದರೆ ಒಂದನ್ನು ಜನ ಮುಚ್ಚಿಡುತ್ತಾರೆ, ಇನ್ನೊಂದನ್ನು ಔಷಧಿ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊನೆಗೆ ಏನಾದರೂ ಆದಾಗ ಬೈಗುಳ ಬೀಳುವುದು ಮಾತ್ರ ಮನಸ್ಸಿನ ಮಾತ್ರೆಗೆ. ಈ ಮೂರೂ ಸಂಗತಿ ಒಬ್ಬರಲ್ಲೇ ಸೇರಿಕೊಂಡಿದ್ದ ಪ್ರಕರಣ ಇದು.

ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ವಾರ್ಡಿನಲ್ಲಿರುವವರ ಮಾತ್ರೆಗಳನ್ನೆಲ್ಲ ನೋಡಿ, ಯಾವುದು ಯಾವುದರ ಜೊತೆ ಹೊಂದುವುದಿಲ್ಲ ಅಂತ ಡಾಕ್ಟರಿಗೆ ತಿಳಿಸುವುದು ನನ್ನ ಕೆಲಸ. ಆ ತಾಯಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ವಯಸ್ಸು 62. ಮಂಡಕ್ಕಿ ಭಟ್ಟಿ ನಡೆಸುವ ಮನೆತನ. ಬಿಸಿ ಮರಳಲ್ಲಿ ಹುರಿದು ಬಂದ ಮಂಡಕ್ಕಿಯನ್ನು ಜರಡಿ ಹಿಡಿದು ಮರಳು ಬೇರೆ ಮಾಡುವುದು ಇವರ ಪಾಲಿನ ಕೆಲಸ. ನೆಲದ ಮೇಲೆ ಕಾಲು ಮಡಚಿ ಗಂಟೆಗಟ್ಟಲೆ ಕೂರಬೇಕು. ಮಂಡಿ ಸವೆದಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಎರಡು ವರ್ಷದ ಹಿಂದೆ ಗಂಡ ತೀರಿಕೊಂಡರು. ಆಮೇಲೆ ನಿದ್ದೆ ಹೋಯಿತು, ಊಟ ಸೇರಲಿಲ್ಲ, ಭಟ್ಟಿ ಕಡೆ ಹೋಗುವುದನ್ನೇ ಬಿಟ್ಟರು. ದುಃಖ ಅಂತ ಮನೆಯವರು ಸುಮ್ಮನಿದ್ದರು. ತಿಂಗಳುಗಳು ಕಳೆದರೂ ಹಾಗೇ ಇದ್ದದ್ದು ನೋಡಿ, "ನಾನಿದ್ದು ಇನ್ನೇನು ಮಾಡಬೇಕು" ಅನ್ನುವ ಮಾತು ಬಾಯಿಂದ ಬಂದ ಮೇಲೆ, ಕಿರಿಮಗ ಯಾರಿಗೂ ಹೇಳದೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದ. ಅವರು ಎಸ್ಸಿಟಲೊಪ್ರಾಮ್ ಶುರು ಮಾಡಿದರು. ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10. ಒಂದೂವರೆ ತಿಂಗಳಲ್ಲಿ ಈ ತಾಯಿ ಮತ್ತೆ ಪಕ್ಕದ ಮನೆಯವರ ಜೊತೆ ಕೂತು ಮಾತಾಡುವಷ್ಟು ಚೇತರಿಸಿಕೊಂಡರು. ಈ ಮಾತನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ. ಆ ಮಾತ್ರೆ ಅವರಿಗೆ ಕೆಲಸ ಮಾಡಿತ್ತು.

ಮನೆಯಲ್ಲಿ ಅದನ್ನು "ಬಿಪಿ ಮಾತ್ರೆ" ಅಂತ ಹೇಳಿಟ್ಟಿದ್ದರು. ಮೊಮ್ಮಗಳಿಗೆ ಸಂಬಂಧ ನೋಡುತ್ತಿದ್ದರು, ಅಜ್ಜಿ ಮನೋವೈದ್ಯರ ಹತ್ತಿರ ಹೋಗುತ್ತಾಳೆ ಅಂತ ಗೊತ್ತಾದರೆ ಜನ ಏನಂದಾರು ಅನ್ನುವ ಭಯ.

ಎಂಟು ತಿಂಗಳು ಹೀಗೇ ಚೆನ್ನಾಗಿ ನಡೆಯಿತು. ಮೈಯಲ್ಲಿ ಹುರುಪು ಬಂದಿದ್ದರಿಂದ ಮತ್ತೆ ಭಟ್ಟಿಗೆ ಹೋಗತೊಡಗಿದರು, ಮಂಡಿ ಕಿತ್ತುಕೊಳ್ಳತೊಡಗಿತು. ಮೆಡಿಕಲ್ ಶಾಪಿನಲ್ಲಿ "ಮಂಡಿ ನೋವಿಗೆ ಕೊಡಪ್ಪಾ" ಅಂದರು. ಡೈಕ್ಲೋಫೆನಾಕ್ 50 ಮಿಲಿಗ್ರಾಂ ಮಾತ್ರೆ ಸಿಕ್ಕಿತು. ಬೆಳಿಗ್ಗೆ ಬರೀ ಹೊಟ್ಟೆಗೆ ಚಹಾದ ಜೊತೆ ಒಂದು, ರಾತ್ರಿ ಒಂದು. ನೋವು ಹತೋಟಿಗೆ ಬಂತು, ಹಾಗಾಗಿ ಮುಂದುವರಿಸಿದರು. ನಡುವೆ ನೋವು ಜಾಸ್ತಿಯಾದ ದಿನ ಒಂದು ಕ್ಲಿನಿಕ್ಕಿಗೆ ಹೋಗಿ ಸೊಂಟಕ್ಕೆ ಇಂಜೆಕ್ಷನ್ನೂ ಹಾಕಿಸಿಕೊಂಡರು. ಅದೂ ಡೈಕ್ಲೋಫೆನಾಕೇ. ಸುಮಾರು ಮೂರು ವಾರ ಆಗಿರಬೇಕು, ಏಳುವಾಗ ಕಣ್ಣು ಕತ್ತಲೆ ಬರತೊಡಗಿತು. ಕೈ ಮೇಲೆ ಏನೂ ತಗಲದೆಯೇ ನೀಲಿ ಕಲೆ ಕಾಣಿಸಿಕೊಂಡವು. ಮಲ ಕಪ್ಪಾಗಿ ಹೋಗುತ್ತಿತ್ತು. ದಿನವೂ ಗುರೆಳ್ಳು ಚಟ್ನಿ ತಿನ್ನುತ್ತಿದ್ದೆನಲ್ಲ, ಅದರದ್ದೇ ಬಣ್ಣ ಅಂದುಕೊಂಡರಂತೆ. ಮೂರನೇ ದಿನ ಬಚ್ಚಲಲ್ಲಿ ಕುಸಿದು ಬಿದ್ದರು.

ಕಪ್ಪು ಮಲದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿ ಸೋರಿದ ರಕ್ತ ಕರುಳಲ್ಲಿ ಇಳಿದು ಬರುವಷ್ಟರಲ್ಲಿ ಕೆಂಪಾಗಿ ಉಳಿದಿರುವುದಿಲ್ಲ. ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ತಡೆಯಲಾರದ ಕೆಟ್ಟ ವಾಸನೆಯೊಂದಿಗೆ ಹೋಗುತ್ತದೆ. ಕಬ್ಬಿಣದ ಮಾತ್ರೆ ತಗೊಂಡಾಗಲೂ ಮಲ ಕಪ್ಪಾಗುತ್ತದೆ ನಿಜ, ಆದರೆ ಆ ಅಂಟು, ಆ ವಾಸನೆ ಇರುವುದಿಲ್ಲ. ಅನುಮಾನ ಇದ್ದರೆ ಮನೆಯಲ್ಲಿ ಕೂತು ತೀರ್ಮಾನಿಸಬೇಡಿ, ಆಸ್ಪತ್ರೆಗೆ ಹೋಗಿ.

ಆಸ್ಪತ್ರೆಗೆ ಬಂದಾಗ ನಾಡಿ 112, ರಕ್ತದೊತ್ತಡ 100/60, ಹಿಮೋಗ್ಲೋಬಿನ್ 7.2. ಒಂದು ವರ್ಷದ ಹಿಂದಿನ ರಿಪೋರ್ಟಿನಲ್ಲಿ ಅದು 11.8 ಇತ್ತು. ಕಿಡ್ನಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸರಿ ಇತ್ತು, ಯೂರಿಯಾ ಮಾತ್ರ ಏರಿತ್ತು. ಜಠರದ ಕಡೆ ರಕ್ತ ಸೋರುವಾಗ ಹೀಗಾಗುವುದು ಸಾಮಾನ್ಯ, ಯಾಕೆಂದರೆ ಆ ರಕ್ತದ ಪ್ರೋಟೀನ್ ಕರುಳಲ್ಲೇ ಜೀರ್ಣವಾಗುತ್ತದೆ. ಪ್ಲೇಟ್‌ಲೆಟ್ ಎಣಿಕೆ 2.4 ಲಕ್ಷ, ಅಂದರೆ ಪೂರ್ತಿ ಸರಿ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯೂ ಸರಿ. ಹಿರಿಮಗ ಕೇಳಿದ್ದು ಇದನ್ನೇ: "ಪ್ಲೇಟ್‌ಲೆಟ್ ಚೆನ್ನಾಗೈತಲ್ಲ ಡಾಕ್ಟ್ರೇ, ಮತ್ತೆ ರಕ್ತ ಯಾಕೆ ಹೋಗ್ತೈತಿ?" ಡೆಂಗಿ ಬಂದಾಗಿನಿಂದ ಪ್ಲೇಟ್‌ಲೆಟ್ ಅಂದರೆ ಎಲ್ಲರಿಗೂ ಎಣಿಕೆಯೇ ನೆನಪು. ಇಲ್ಲಿ ಎಣಿಕೆ ಸರಿ ಇದ್ದರೂ ಅವು ಮಾಡಬೇಕಾದ ಕೆಲಸ ಸರಿಯಾಗಿ ಆಗುತ್ತಿರಲಿಲ್ಲ, ಅದು ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ.

ಎರಡು ಯೂನಿಟ್ ರಕ್ತ ಕೊಟ್ಟರು, ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಇಂಜೆಕ್ಷನ್ ಶುರುವಾಯಿತು. ಮಾರನೇ ದಿನ ಎಂಡೋಸ್ಕೋಪಿ. ಜಠರದ ಕೆಳಭಾಗದಲ್ಲಿ ಎರಡು ಹುಣ್ಣು, ಒಂದರಲ್ಲಿ ಇತ್ತೀಚೆಗೆ ರಕ್ತ ಸೋರಿದ ಗುರುತು. ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡಿದರು, ಇರಲಿಲ್ಲ.

ಹಾಗಾದರೆ ಕಾರಣ ಏನು? ದಾಖಲಾತಿ ಹಾಳೆಯಲ್ಲಿ ಈಗಿನ ಔಷಧಿಗಳ ಜಾಗದಲ್ಲಿ "ಬಿಪಿ ಮಾತ್ರೆ, ಹೆಸರು ಗೊತ್ತಿಲ್ಲ" ಅಂತ ಇತ್ತು. ನಾನು ಹೋಗಿ ಪಕ್ಕದಲ್ಲಿ ಕೂತು ಕೇಳಿದೆ.

"ಅಮ್ಮಾ, ಬೇರೆ ಮಾತ್ರೆ ಏನಾದರೂ ತಗೋತಿದ್ರಾ?"

"ಇಲ್ಲವ್ವಾ, ಬಿಪಿದೊಂದೇ."

"ಮಂಡಿ ನೋವು ಅಂದ್ರಲ್ಲ, ಅದಕ್ಕೆ?"

"ಓ ಅದಾ? ಅದು ಸುಮ್ನೆ ನೋವಿಂದು. ಮಾತ್ರೆ ಅಲ್ಲ ಅದು."

ಈ ಕೊನೇ ಮಾತನ್ನು ನಾನು ವಾರ್ಡಿನಲ್ಲಿ ಬೇರೆ ಬೇರೆ ಬಾಯಿಂದ ಕೇಳುತ್ತಲೇ ಇರುತ್ತೇನೆ. ಅದಕ್ಕೇ ಈಗ "ಮಾತ್ರೆ ತಗೋತೀರಾ" ಅಂತ ಕೇಳಿ ಸುಮ್ಮನಾಗುವುದಿಲ್ಲ. ತಲೆನೋವು ಬಂದರೆ ಏನು ನುಂಗ್ತೀರಿ, ಮೈಕೈ ನೋವಿಗೆ ಏನು, ನಿದ್ದೆಗೆ ಏನು, ಯಾರಾದರೂ ಪುಡಿ ಕೊಟ್ಟಿದ್ದಾರಾ ಅಂತ ಒಂದೊಂದಾಗಿ ಕೇಳುತ್ತೇನೆ.

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತರಿಸಿದೆವು. ಸೊಸೆ ಒಂದು ಸ್ಟೀಲ್ ಡಬ್ಬಿ ತಂದುಕೊಟ್ಟರು. ಅದರಲ್ಲಿ ಎಸ್ಸಿಟಲೊಪ್ರಾಮ್‌ನ ಅರ್ಧ ಮುಗಿದ ಸ್ಟ್ರಿಪ್ ಇತ್ತು. ಜೊತೆಗೆ ಕತ್ತರಿಯಿಂದ ಕತ್ತರಿಸಿದ ಇನ್ನೊಂದು ತುಂಡು, ನಾಲ್ಕು ಮಾತ್ರೆ ಉಳಿದಿದ್ದವು. ಹತ್ತು ಮಾತ್ರೆಯ ಸ್ಟ್ರಿಪ್ಪನ್ನು ಬಿಡಿಬಿಡಿಯಾಗಿ ಕೊಡುವಾಗ ಹೆಸರಿನ ಅರ್ಧ ಒಬ್ಬರ ಮನೆಗೆ, ತಾರೀಖಿನ ಅರ್ಧ ಇನ್ನೊಬ್ಬರ ಮನೆಗೆ ಹೋಗುತ್ತದೆ. ಈ ತುಂಡಿನಲ್ಲಿ ಉಳಿದಿದ್ದು "ಫೆನಾಕ್" ಅನ್ನುವ ಕೊನೆಯ ಅಕ್ಷರಗಳು ಮತ್ತು 50 ಅನ್ನುವ ಅಂಕಿ. ಅಷ್ಟು ಸಾಕಾಯಿತು.

ಈಗ ದೇಹದೊಳಗೆ ಏನಾಯಿತು ಅಂತ ನೋಡೋಣ. ಗಾಯವಾದಾಗ ರಕ್ತ ನಿಲ್ಲಿಸಲು ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳಬೇಕು. ಅದಕ್ಕೆ ಅವು ಬಳಸುವ ಸಾಮಗ್ರಿಗಳಲ್ಲಿ ಸೆರೊಟೋನಿನ್ ಒಂದು. ಇದನ್ನು ಪ್ಲೇಟ್‌ಲೆಟ್ ತಾನೇ ತಯಾರಿಸುವುದಿಲ್ಲ, ರಕ್ತದಿಂದ ಒಳಗೆ ಎಳೆದುಕೊಂಡು ಇಟ್ಟುಕೊಂಡಿರುತ್ತದೆ. ಎಸ್ಸಿಟಲೊಪ್ರಾಮ್, ಸರ್ಟ್ರಾಲಿನ್, ಫ್ಲುಯೊಕ್ಸೆಟಿನ್, ಪ್ಯಾರೊಕ್ಸೆಟಿನ್ ಇವೆಲ್ಲ ಮಿದುಳಿನ ನರಕೋಶಗಳು ಸೆರೊಟೋನಿನ್ ಹಿಂದಕ್ಕೆ ಎಳೆದುಕೊಳ್ಳುವುದನ್ನು ತಡೆಯುತ್ತವೆ, ಖಿನ್ನತೆಗೆ ಅವು ಕೆಲಸ ಮಾಡುವುದು ಹಾಗೇ. ಆದರೆ ಪ್ಲೇಟ್‌ಲೆಟ್ ಮೇಲಿರುವುದೂ ಸೆರೊಟೋನಿನ್ ಎಳೆದುಕೊಳ್ಳುವ ಅದೇ ದ್ವಾರ. ಅಲ್ಲೂ ಮುಚ್ಚುತ್ತದೆ. ಕೆಲವು ವಾರದಲ್ಲಿ ಪ್ಲೇಟ್‌ಲೆಟ್‌ನ ಸೆರೊಟೋನಿನ್ ದಾಸ್ತಾನು ಬಹುಪಾಲು ಖಾಲಿಯಾಗುತ್ತದೆ.

ಬರೀ ಇಷ್ಟೇ ಆದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಹೆಚ್ಚೆಂದರೆ ಬೇಗ ನೀಲಿ ಕಟ್ಟುತ್ತದೆ, ಹಲ್ಲುಜ್ಜುವಾಗ ಸ್ವಲ್ಪ ರಕ್ತ ಬರುತ್ತದೆ. ತೊಂದರೆ ಶುರುವಾಗುವುದು ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್, ನ್ಯಾಪ್ರೋಕ್ಸೆನ್ ಥರದ್ದು ಒಳಗೆ ಬಂದಾಗ. ಇವು ಎರಡು ಕಡೆ ಹೊಡೆಯುತ್ತವೆ. ಜಠರದ ಒಳಪದರವನ್ನು ಆಮ್ಲದಿಂದ ಕಾಯುವ ಪ್ರೋಸ್ಟಾಗ್ಲಾಂಡಿನ್ ತಯಾರಾಗದಂತೆ ಮಾಡುತ್ತವೆ, ಹಾಗಾಗಿ ಹುಣ್ಣಾಗುತ್ತದೆ. ಪ್ಲೇಟ್‌ಲೆಟ್‌ಗೆ ಬೇಕಾದ ಥ್ರಾಂಬಾಕ್ಸೇನ್ ಅನ್ನುವ ಇನ್ನೊಂದು ವಸ್ತುವನ್ನೂ ಕಡಿಮೆ ಮಾಡುತ್ತವೆ. ಹುಣ್ಣು ಮಾಡಿದ್ದು ನೋವಿನ ಮಾತ್ರೆ. ಆ ಹುಣ್ಣಿನಿಂದ ಬಂದ ರಕ್ತ ನಿಲ್ಲದಂತೆ ಮಾಡಿದ್ದು ಎರಡೂ ಸೇರಿ.

ಇಲ್ಲಿ ಎರಡು ತಪ್ಪು ತಿಳುವಳಿಕೆ ಇದೆ, ಮನೆಯವರೂ ಅದನ್ನೇ ಹೇಳಿದರು. ಊಟ ಮಾಡಿ ತಗೊಂಡಿದ್ದರೆ ಏನೂ ಆಗುತ್ತಿರಲಿಲ್ಲ ಅಂತ ಒಂದು. ಊಟದಿಂದ ಹೊಟ್ಟೆ ಉರಿ ಕಡಿಮೆ ಆಗಬಹುದು ಅಷ್ಟೆ, ಮಾತ್ರೆ ರಕ್ತಕ್ಕೆ ಸೇರಿದ ಮೇಲೂ ಜಠರದ ರಕ್ಷಣೆ ಇಳಿಸುತ್ತದೆ. ಅದೇ ಕಾರಣಕ್ಕೆ ಇಂಜೆಕ್ಷನ್ ಹೊಟ್ಟೆಗೆ ಸೇಫ್ ಅನ್ನುವುದೂ ತಪ್ಪು. ಸೊಂಟಕ್ಕೆ ಚುಚ್ಚಿದ್ದು ಸೊಂಟದಲ್ಲೇ ಇರುವುದಿಲ್ಲವಲ್ಲ.

ಅಪಾಯ ಎಷ್ಟು ಅನ್ನುವುದಕ್ಕೆ ಅಂಕಿಗಳಿವೆ, ಆದರೆ ಎಲ್ಲ ಅಧ್ಯಯನದಲ್ಲೂ ಒಂದೇ ಅಲ್ಲ. 1999ರಲ್ಲಿ ಬ್ರಿಟನ್ನಿನ ರೋಗಿಗಳ ದಾಖಲೆ ಆಧರಿಸಿ ಬಂದ ಅಧ್ಯಯನದಲ್ಲಿ ಈ ಗುಂಪಿನ ಖಿನ್ನತೆ ಮಾತ್ರೆ ಮಾತ್ರ ತಗೊಳ್ಳುವವರಿಗೆ ಜಠರದ ಕಡೆಯ ರಕ್ತಸ್ರಾವದ ಅಪಾಯ ಸುಮಾರು 3 ಪಟ್ಟು, ಎರಡನ್ನೂ ಒಟ್ಟಿಗೆ ತಗೊಂಡವರಿಗೆ 15 ಪಟ್ಟಿಗೂ ಜಾಸ್ತಿ ಅಂತ ಕಂಡಿತು. ಆಮೇಲೆ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2014ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಅಂಕಿ ಇಳಿಯಿತು: ಖಿನ್ನತೆ ಮಾತ್ರೆ ಒಂದೇ ಆದರೆ 1.66 ಪಟ್ಟು, ಎರಡೂ ಸೇರಿದರೆ 4.25 ಪಟ್ಟು. 2015ರಲ್ಲಿ ದಕ್ಷಿಣ ಕೊರಿಯಾದ 40 ಲಕ್ಷಕ್ಕೂ ಹೆಚ್ಚು ಜನರ ವಿಮಾ ದಾಖಲೆ ನೋಡಿದವರು ಬೇರೆಯದನ್ನೇ ಹುಡುಕಿದರು, ತಲೆಬುರುಡೆಯೊಳಗಿನ ರಕ್ತಸ್ರಾವ. ಬರೀ ಖಿನ್ನತೆ ಮಾತ್ರೆ ತಗೊಳ್ಳುವವರಿಗೆ ಹೋಲಿಸಿದರೆ ಎರಡನ್ನೂ ಒಟ್ಟಿಗೆ ಶುರು ಮಾಡಿದವರಿಗೆ ಮೊದಲ 30 ದಿನದಲ್ಲಿ ಅಪಾಯ 1.6 ಪಟ್ಟು ಇತ್ತು.

ಪಟ್ಟು ಅಂದ ಕೂಡಲೇ ಗಾಬರಿ ಬೇಡ. ಮೂಲ ಅಪಾಯವೇ ಚಿಕ್ಕದಿದ್ದಾಗ ನಾಲ್ಕು ಪಟ್ಟಾದರೂ ಚಿಕ್ಕದೇ. 25 ವರ್ಷದ ಹುಡುಗಿ ಸರ್ಟ್ರಾಲಿನ್ ತಗೋತಾ ತಿಂಗಳ ಹೊಟ್ಟೆನೋವಿಗೆ ಒಂದೆರಡು ದಿನ ಮೆಫೆನಮಿಕ್ ಆಸಿಡ್ ನುಂಗಿದರೆ ರಕ್ತಸ್ರಾವ ಆಗುವ ಸಂಭವ ತೀರಾ ಕಡಿಮೆ. ಡಾಕ್ಟರಿಗೆ ಹೇಳಿ ತಗೊಂಡರೆ ಸಾಕು. ಆದರೆ ವಯಸ್ಸು 60 ದಾಟಿದವರು, ಹಿಂದೆ ಅಲ್ಸರ್ ಆದವರು, ಹಾರ್ಟಿಗೆ ಆಸ್ಪಿರಿನ್ ಅಥವಾ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಸ್ಟಿರಾಯ್ಡ್ ಮೇಲಿರುವವರು, ದಿನಾ ಕುಡಿಯುವವರು, ಇವರ ಮೂಲ ಅಪಾಯವೇ ದೊಡ್ಡದು. ನಮ್ಮ ತಾಯಿಗೆ ವಯಸ್ಸಾಗಿತ್ತು, ಮೂರು ವಾರ ದಿನವೂ ನುಂಗಿದ್ದರು, ಮೇಲೆ ಇಂಜೆಕ್ಷನ್ನೂ ಬಿದ್ದಿತ್ತು, ಹೊಟ್ಟೆ ಕಾಯುವ ಮಾತ್ರೆ ಜೊತೆಗಿರಲಿಲ್ಲ.

ಎರಡೂ ಮಾತ್ರೆಯ ವಿಷಯ ಹೊರಬಿದ್ದ ಮೇಲೆ ಅಸಲಿ ಕಷ್ಟ ಶುರುವಾಯಿತು. ಮೊದಲು ಆ ತಾಯಿಯ ಒಪ್ಪಿಗೆ ಪಡೆದೇ ಡಾಕ್ಟರು ಮಕ್ಕಳನ್ನು ಕೂರಿಸಿ ಮಾತಾಡಿದರು. ಹಿರಿಮಗ ಕಿಡಿಕಿಡಿಯಾದ. "ತಲೆ ಮಾತ್ರೆ ಕೊಟ್ಟು ನಮ್ಮವ್ವನ್ನ ಹಿಂಗೆ ಮಾಡ್ಯಾರ. ಇವತ್ತೇ ನಿಲ್ಲಿಸ್ರಿ." ಕಿರಿಮಗ ತಲೆ ತಗ್ಗಿಸಿ ಕೂತಿದ್ದ, ತಾನೇ ಏನೋ ಅಪರಾಧ ಮಾಡಿದವನ ಹಾಗೆ. ನನಗೆ ಅವನನ್ನು ನೋಡಿ ತುಂಬ ಸಂಕಟವಾಯಿತು. ತಾಯಿಯನ್ನು ಬದುಕಿಸಿಕೊಂಡವನು ಅವನು.

ಮನೋವೈದ್ಯರನ್ನು ಕರೆಸಿದರು. ಅವರು ಎರಡು ವಿಷಯ ಸ್ಪಷ್ಟವಾಗಿ ಹೇಳಿದರು. ಎಸ್ಸಿಟಲೊಪ್ರಾಮ್ ಒಮ್ಮೆಲೇ ಬಿಟ್ಟರೆ ತಲೆಸುತ್ತು, ವಾಕರಿಕೆ, ಸಿಡುಕು, ತಲೆಯೊಳಗೆ ಶಾಕ್ ಹೊಡೆದಂಥ ಅನುಭವ, ಕೆಟ್ಟ ಕನಸು ಬರಬಹುದು. ಎರಡನೆಯದು ಇನ್ನೂ ಮುಖ್ಯ: ಖಿನ್ನತೆ ಕಡಿಮೆಯಾದ ಮೇಲೂ ಕನಿಷ್ಠ ಆರು ತಿಂಗಳು ಮಾತ್ರೆ ಮುಂದುವರಿಸಬೇಕು, ಬೇಗ ಬಿಟ್ಟರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಬದುಕೇ ಬೇಡ ಅಂದಿದ್ದ ತಾಯಿಗೆ ಆ ಕಾಯಿಲೆ ವಾಪಸ್ ಬರುವುದು ಹುಣ್ಣಿಗಿಂತ ಸಣ್ಣ ಅಪಾಯವೇನಲ್ಲ.

ಮಿರ್ಟಾಜಪಿನ್ ಅನ್ನುವ ಇನ್ನೊಂದು ಖಿನ್ನತೆ ಮಾತ್ರೆಗೆ ಬದಲಾಯಿಸುವ ಮಾತೂ ಬಂತು. ಅದು ಸೆರೊಟೋನಿನ್ ಎಳೆದುಕೊಳ್ಳುವ ಆ ದ್ವಾರವನ್ನು ಮುಚ್ಚುವುದಿಲ್ಲ, ಹಾಗಾಗಿ ರಕ್ತಸ್ರಾವದ ಅಪಾಯ ಕಡಿಮೆ. ತೂಕ ಹೆಚ್ಚುತ್ತದೆ, ತೂಕಡಿಕೆ ಬರುತ್ತದೆ, ಅದೊಂದು ತೊಂದರೆ. ಆದರೆ ಕೆಲಸ ಮಾಡುತ್ತಿರುವ ಮಾತ್ರೆ ಬಿಟ್ಟು ಹೊಸದಕ್ಕೆ ಹೋದರೆ ಅದೂ ಹಾಗೇ ಒಗ್ಗುತ್ತದೆ ಅನ್ನುವ ಖಾತ್ರಿ ಇಲ್ಲ. ಹುಣ್ಣು ಮಾಡಿದ ಮಾತ್ರೆಯನ್ನೇ ಪೂರ್ತಿ ನಿಲ್ಲಿಸಲು ಆಗುವಾಗ ಇದನ್ನು ಕದಲಿಸುವುದು ಯಾಕೆ? ರಕ್ತ ಸೋರುವುದು ನಿಂತಿತ್ತು. ಎಸ್ಸಿಟಲೊಪ್ರಾಮ್ 10 ಮಿಲಿಗ್ರಾಂ ಹಾಗೇ ಉಳಿಯಿತು, ಡೈಕ್ಲೋಫೆನಾಕ್ ಹೋಯಿತು. ನನ್ನ ಅಭಿಪ್ರಾಯವೂ ಅದೇ ಆಗಿತ್ತು.

ಆಮ್ಲ ಕಡಿಮೆ ಮಾಡುವ ಮಾತ್ರೆ ಆರಿಸುವಾಗ ಒಂದು ಸೂಕ್ಷ್ಮ ಇದೆ. ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್, ಲಿವರ್‌ನಲ್ಲಿ ಎಸ್ಸಿಟಲೊಪ್ರಾಮ್ ಕರಗುವ ದಾರಿಯನ್ನು ತಡೆದು ರಕ್ತದಲ್ಲಿ ಅದರ ಪ್ರಮಾಣ ಏರಿಸುತ್ತವೆ. ಪ್ಯಾಂಟೊಪ್ರಜೋಲ್‌ನಿಂದ ಆ ತೊಂದರೆ ಕಡಿಮೆ. ಅದನ್ನೇ ಎಂಟು ವಾರಕ್ಕೆ ಬರೆದರು.

ಮಂಡಿ ನೋವು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಮೂಳೆ ಡಾಕ್ಟರ ಸಲಹೆ ಹಾಳೆಯಲ್ಲಿ "ಹೊಟ್ಟೆಗೆ ತೊಂದರೆ ಇಲ್ಲದ್ದು" ಅಂತ ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ಬಂತು. ಹೊಟ್ಟೆಯ ಮಟ್ಟಿಗೆ ಆ ಮಾತು ಸರಿ. ಆದರೆ ಟ್ರಮಡಾಲ್ ಕೂಡ ಸೆರೊಟೋನಿನ್ ಹೆಚ್ಚಿಸುತ್ತದೆ. ಎಸ್ಸಿಟಲೊಪ್ರಾಮ್ ಜೊತೆ ಸೇರಿದರೆ ಕೈಕಾಲು ನಡುಕ, ಬೆವರು, ಜ್ವರ, ಬೇಧಿ, ಸ್ನಾಯು ಎಳೆತ, ಗೊಂದಲ ಹೀಗೆ ಸೆರೊಟೋನಿನ್ ಅತಿಯಾದ ಲಕ್ಷಣ ಬರಬಹುದು, ಫಿಟ್ಸ್ ಬರುವ ಅಪಾಯವೂ ಏರುತ್ತದೆ. ಎಲ್ಲರಿಗೂ ಆಗುವುದಿಲ್ಲ, ಆದರೆ ಬೇರೆ ದಾರಿ ಇರುವಾಗ ಯಾಕೆ ಬೇಕು? ಫೋನ್ ಮಾಡಿ ಹೇಳಿದೆ, ಅವರು ಕೂಡಲೇ ಒಪ್ಪಿ ಬದಲಾಯಿಸಿದರು. ಹೊಟ್ಟೆಯನ್ನು ಕಾಯಲು ಹೋಗಿ ಇನ್ನೊಂದು ಕಡೆ ಸಿಕ್ಕಿಹಾಕಿಕೊಳ್ಳುವುದು ಇಷ್ಟು ಸುಲಭ, ಅದಕ್ಕೇ ಇದನ್ನು ಬಿಡಿಸಿ ಬರೆದೆ.

ಕೊನೆಗೆ ಉಳಿದಿದ್ದು ಪ್ಯಾರಾಸಿಟಮಾಲ್ 650, ಬೇಕಾದಾಗ, ದಿನಕ್ಕೆ ಮೂರಕ್ಕಿಂತ ಜಾಸ್ತಿ ಇಲ್ಲ. ಬಿಸಿ ಶಾಖ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ಫಿಸಿಯೋಥೆರಪಿಯವರು ಹಾಸಿಗೆ ಮೇಲೇ ಕಲಿಸಿದರು. ಹುಣ್ಣು ವಾಸಿಯಾದ ಮೇಲೆ ಮಂಡಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್, ಚರ್ಮದಿಂದ ರಕ್ತಕ್ಕೆ ಸೇರುವುದು ಮಾತ್ರೆಗಿಂತ ತೀರಾ ಕಡಿಮೆ. ಭಟ್ಟಿಯಲ್ಲಿ ನೆಲದ ಬದಲು ಎತ್ತರದ ಸ್ಟೂಲು.

ಚೀಟಿಯಲ್ಲಿ "ಬರೀ ಪ್ಯಾರಾಸಿಟಮಾಲ್" ಅಂತ ದೊಡ್ಡದಾಗಿ ಬರೆಸಿದೆ. ಯಾಕೆಂದರೆ ಅಂಗಡಿಯಲ್ಲಿ ನೋವಿಗೆ ಸಿಗುವ ಎಷ್ಟೋ ಮಾತ್ರೆಗಳು ಜೋಡಿ ಮಾತ್ರೆಗಳು. ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ, ಪಕ್ಕದಲ್ಲಿ ಅಸೆಕ್ಲೋಫೆನಾಕೋ ಐಬುಪ್ರೊಫೆನೋ ಕೂತಿರುತ್ತದೆ. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಏನೇನಿದೆ ಅಂತ ಓದಿ, ಓದಲು ಬಾರದಿದ್ದರೆ ಓದಿಸಿ. ಮಂಡಿ ನೋವಿಗೆ ಅಂತ ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಗಳಲ್ಲೂ ನೋವಿನ ಮಾತ್ರೆ, ಸ್ಟಿರಾಯ್ಡ್ ಬೆರೆಸಿರುವುದುಂಟು.

ಇದರ ತಿರುಗುಮುರುಗೂ ಆಗುತ್ತದೆ. ಡುಲೊಕ್ಸೆಟಿನ್ ಅಂತ ಒಂದು ಮಾತ್ರೆ ಇದೆ. ಅದು ಖಿನ್ನತೆಯದ್ದೇ ಔಷಧಿ, ಆದರೆ ಶುಗರ್ ಇರುವವರ ಕಾಲು ಉರಿಗೆ, ಬಹುಕಾಲದ ಸೊಂಟ ಮತ್ತು ಮಂಡಿ ನೋವಿಗೂ ಕೊಡುತ್ತಾರೆ. ತಗೊಳ್ಳುವವರಿಗೆ ಅದು ನೋವಿನ ಮಾತ್ರೆ ಅಂತಷ್ಟೇ ಗೊತ್ತು. ಅದರ ಜೊತೆ ಇನ್ನೊಂದು ನೋವಿನ ಮಾತ್ರೆ ನುಂಗಿದರೆ ಇದೇ ಕಥೆ.

ಆರು ವಾರದ ನಂತರ ಹಿಮೋಗ್ಲೋಬಿನ್ 10.4 ಆಗಿತ್ತು. ಎಂಟನೇ ವಾರದ ಎಂಡೋಸ್ಕೋಪಿಯಲ್ಲಿ ಎರಡೂ ಹುಣ್ಣು ಮಾಯ್ದಿದ್ದವು, ಪ್ಯಾಂಟೊಪ್ರಜೋಲ್ ನಿಲ್ಲಿಸಿದರು. ಮಂಡಿ ಇನ್ನೂ ನೋಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಎಸ್ಸಿಟಲೊಪ್ರಾಮ್ ಬಗ್ಗೆ ವರ್ಷ ತುಂಬಿದ ಮೇಲೆ ಮತ್ತೆ ನೋಡೋಣ ಅಂದಿದ್ದಾರೆ ಮನೋವೈದ್ಯರು, ಇಳಿಸಿದರೂ ನಿಧಾನಕ್ಕೆ ಇಳಿಸುತ್ತಾರೆ. ಡಬ್ಬಿಯಲ್ಲಿರುವ ಪ್ರತಿ ಸ್ಟ್ರಿಪ್ಪಿನ ಫೋಟೋ ಈಗ ಸೊಸೆಯ ಫೋನಿನಲ್ಲಿದೆ. ಯಾವ ಡಾಕ್ಟರ ಹತ್ತಿರ ಹೋದರೂ, ಯಾವ ಮೆಡಿಕಲ್ ಶಾಪಿಗೆ ಹೋದರೂ ಮೊದಲು ಅದನ್ನೇ ತೋರಿಸುತ್ತಾರೆ. ಹಿರಿಮಗನೂ ಒಮ್ಮೆ ಮನೋವೈದ್ಯರ ಹತ್ತಿರ ಜೊತೆಯಲ್ಲಿ ಹೋಗಿ ಬಂದ.

ಈ ಪ್ರಕರಣವನ್ನು ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆಗೆ ವರದಿ ಮಾಡಿದ್ದೇವೆ. ವೈದ್ಯರೇ ಮಾಡಬೇಕೆಂದಿಲ್ಲ, ರೋಗಿಯಾಗಲಿ ಮನೆಯವರಾಗಲಿ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು. ಮನಸ್ಸಿನ ಕಷ್ಟಕ್ಕೆ ಯಾರ ಹತ್ತಿರ ಹೋಗುವುದು ಅಂತ ತೋಚದಿದ್ದರೆ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ಖಿನ್ನತೆ ಮಾತ್ರೆ ತಗೊಳ್ಳುತ್ತಿದ್ದು ಈಗಾಗಲೇ ನೋವಿನ ಮಾತ್ರೆಯನ್ನೂ ದಿನವೂ ನುಂಗುತ್ತಿದ್ದರೆ, ಮನಸ್ಸಿನ ಮಾತ್ರೆಯನ್ನು ಮುಟ್ಟದೆ, ನೋವಿನ ಮಾತ್ರೆಯ ಸ್ಟ್ರಿಪ್ ಹಿಡಿದುಕೊಂಡು ಈ ವಾರವೇ ಡಾಕ್ಟರನ್ನು ಕಾಣಿ. ಕಪ್ಪು ಮಲ, ರಕ್ತ ವಾಂತಿ, ಇದ್ದಕ್ಕಿದ್ದಂತೆ ಸಹಿಸಲಾಗದ ತಲೆನೋವು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು ಇದ್ದರೆ ವಾರ ಕಾಯಬೇಡಿ, 108ಕ್ಕೆ ಕರೆ ಮಾಡಿ.